ಚೀಟಿ ಕಿತ್ತ ಸೂಪಿನ ಡಬ್ಬಿಗಳು

ನಮ್ಮ ಮಾವನನ್ನು ಇಡೀ ಬೀದಿ ಕ್ಯಾಪ್ಟನ್ ಎಂದು ಕರೆಯುತ್ತದೆ. ಅವರು ಒಂದು ದಿನವೂ ಹಡಗು ನಡೆಸಿದವರಲ್ಲ, ಮೂವತ್ತೊಂದು ವರ್ಷ ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿದವರು. ಈ ಸತ್ಯವನ್ನು ಬೀದಿಗೆ ತಿಳಿಸುವ ಆತುರ ಅವರಿಗಿಲ್ಲ. ಹಾಲಿನವನು ‘ಏನು ಕ್ಯಾಪ್ಟನ್, ಆರಾಮಾ?’ ಎಂದರೆ ಗಂಭೀರವಾಗಿ ತಲೆಯಾಡಿಸಿ, ಒಮ್ಮೆ ಆಕಾಶ ನೋಡಿ, ಹಾಲಿನ ಪಾತ್ರೆ ಮುಂದೆ ಹಿಡಿಯುತ್ತಾರೆ.

ನಾನು ಅವರ ಸೊಸೆ. ಲಿಫ್ಟ್ ರಿಪೇರಿ ನನ್ನ ಕೆಲಸ. ಮಧ್ಯಾಹ್ನದ ಊಟ ಯಾವುದೋ ಕಟ್ಟಡದ ತುದಿಯ ಮೋಟರ್ ಕೋಣೆಯಲ್ಲಿ, ಗ್ರೀಸಿನ ವಾಸನೆಯ ನಡುವೆ, ಸಲಕರಣೆ ಪೆಟ್ಟಿಗೆಯ ಮೇಲೆ ಕೂತು. ಮೊದಲೆಲ್ಲ ಕೆಳಗಿನ ಅಂಗಡಿಯಿಂದ ಎರಡು ಬನ್ ತಂದು ಕೈಯೊರೆಸುವ ಮೊದಲೇ ತಿಂದು ಮುಗಿಸುತ್ತಿದ್ದೆ. ಎಂಟು ತಿಂಗಳ ಹಿಂದೆ ಡಾಕ್ಟರಮ್ಮ ನನ್ನ ರಕ್ತದ ವರದಿ ಮುಂದಿಟ್ಟುಕೊಂಡು, “ನಿಮಗಿರೋದು ಸೀಲಿಯಾಕ್. ಗೋಧಿ, ಬಾರ್ಲಿ, ರೈ, ಇವುಗಳಲ್ಲಿರೋ ಗ್ಲುಟೆನ್ ನಿಮ್ಮ ಕರುಳನ್ನ ಹಾಳು ಮಾಡುತ್ತೆ. ಇನ್ಮೇಲೆ ಒಂದು ಚೂರೂ ಒಳಗೆ ಹೋಗಬಾರದು” ಎಂದರು. “ಎಷ್ಟು ದಿನ?” ಎಂದು ಕೇಳಿದೆ. “ಇರೋವರೆಗೂ” ಎಂದರು. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅವರ ಮೇಲೇ ಸಿಟ್ಟು ಬಂತು.

ಹಾಗೆ ಶುರುವಾಯಿತು ನನ್ನ ಸೂಪಿನ ಬೇಟೆ. ಡಬ್ಬಿ ಸೂಪ್ ಆದರೆ ಚೀಲದಲ್ಲಿ ಚೆಲ್ಲುವುದಿಲ್ಲ, ಕೆಡುವುದಿಲ್ಲ, ಪುಟ್ಟ ಕರೆಂಟ್ ಒಲೆಯಲ್ಲಿ ಐದು ನಿಮಿಷಕ್ಕೆ ಬಿಸಿಯಾಗುತ್ತದೆ. ಆದರೆ ಸೂಪ್ ಮಾಡುವವರಿಗೂ ಮೈದಾಗೂ ಅದೇನು ನಂಟೋ! ಟೊಮೆಟೊ ಸೂಪಿನಲ್ಲಿ ಟೊಮೆಟೊ ಇರಬೇಕು ಎಂದು ನಂಬಿಕೊಂಡಿದ್ದ ಮುಗ್ಧೆ ನಾನು. ಮಂದವಾಗಲಿ ಎಂದು ಅದಕ್ಕೂ ಮೈದಾ. ಕೆನೆಯ ಸೂಪು ಯಾವುದೇ ಇರಲಿ, ಮೈದಾ. ಕೋಳಿ ಸೂಪಿನಲ್ಲಿ ಕೋಳಿ ಇದೆಯೋ ಇಲ್ಲವೋ, ನೂಡಲ್ಸ್ ಮಾತ್ರ ಧಾರಾಳ. ಅಂಗಡಿಯ ಕೆಳಗಿನ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಡಬ್ಬಿ ತಿರುಗಿಸಿ, ಇರುವೆ ಸಾಲಿನಂಥ ಅಕ್ಷರ ಓದುತ್ತಿದ್ದೆ. ಮೂರನೇ ದಿನಕ್ಕೆ ಅಂಗಡಿಯವರು ನನಗೊಂದು ಪ್ಲಾಸ್ಟಿಕ್ ಸ್ಟೂಲ್ ತಂದುಕೊಟ್ಟರು. ಕನಿಕರವೋ, ದಾರಿ ಬಿಡಿಸುವ ಉಪಾಯವೋ ಗೊತ್ತಾಗಲಿಲ್ಲ.

‘ಗ್ಲುಟೆನ್ ಇಲ್ಲ’ ಎಂದು ಎದೆ ತಟ್ಟಿಕೊಂಡು ಹೇಳುವ ಡಬ್ಬಿಗಳು ಆ ಅಂಗಡಿಗೆ ಬರುತ್ತಿದ್ದದ್ದೇ ಅಪರೂಪ. ಉಳಿದವುಗಳಲ್ಲಿ ಸಾಮಗ್ರಿಯ ಪಟ್ಟಿ ಓದಿ ನಾನೇ ಹೆಕ್ಕಬೇಕಿತ್ತು. ಎರಡು ತಿಂಗಳಲ್ಲಿ ನಾಲ್ಕು ಸಿಕ್ಕವು. ಬೇಳೆಯದೊಂದು, ಕುಂಬಳಕಾಯಿಯದೊಂದು, ಕೋಳಿ ಮತ್ತು ಅಕ್ಕಿಯದೊಂದು. ನಾಲ್ಕನೆಯದು ಅಣಬೆಯ ಕೆನೆ ಸೂಪು. ಮೈದಾ ಇಲ್ಲದೆ, ಜೋಳದ ಹಿಟ್ಟಿನಲ್ಲಿ ಮಂದ ಮಾಡಿದ ಅಣಬೆ ಸೂಪು! ಅದನ್ನು ಕಂಡುಹಿಡಿದ ದಿನ ನಾನು ಮನೆಗೆ ನಡೆದು ಬರಲಿಲ್ಲ, ತೇಲಿಕೊಂಡು ಬಂದೆ. ಕಂಡಕಂಡವರಿಗೆಲ್ಲ ಹೇಳಿದೆ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸಾಧು ಪ್ರಾಣಿ. ಏಳನೇ ಸಲ ಕೇಳುವಾಗಲೂ ಮೊದಲ ಸಲದಂತೆಯೇ ಹುಬ್ಬೇರಿಸಿದರು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಎರಡನೇ ತಪಾಸಣೆಯ ವರದಿ ಬಂತು. ಇಳಿಯಬೇಕಿದ್ದ ಅಂಕಿ ಇಳಿದಿರಲಿಲ್ಲ. “ಎಲ್ಲಿಂದಲೋ ಗ್ಲುಟೆನ್ ಒಳಗೆ ಹೋಗ್ತಾ ಇದೆ. ಹುಡುಕಿ” ಎಂದರು ಡಾಕ್ಟರಮ್ಮ.

ಹುಡುಕುವುದೇನು ಬಂತು? ನನ್ನ ಬೆರಳು ನೆಟ್ಟಗೆ ಮಾವನ ಒಲೆಯ ಕಡೆ ತಿರುಗಿತು. ನಮ್ಮ ಮನೆಯ ರಾತ್ರಿಯಡುಗೆ ಅವರದು. ನನಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಹಲಗೆ ಇಟ್ಟಿದ್ದೆ ನಿಜ. ಆದರೆ ಅದೇ ಕೈ ಬ್ರೆಡ್ ಮುಟ್ಟಿ ನನ್ನ ಸೌಟು ಹಿಡಿಯುವುದಿಲ್ಲ ಎಂದು ಯಾವ ಧೈರ್ಯ? ಗೋಧಿ, ಬಾರ್ಲಿ, ರೈ ಎಂದು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅವರು ತಟ್ಟೆ ಮುಂದಿಟ್ಟಾಗಲೆಲ್ಲ, “ಇದರಲ್ಲೇನು ಹಾಕಿದ್ದೀರಿ ಮಾವ? ಕೈ ತೊಳೆದಿದ್ರಾ?” ಎಂದು ವಿಚಾರಣೆ ಮಾಡುತ್ತಿದ್ದೆ. ನಲವತ್ತು ಜನ ನಾವಿಕರಿಗೆ ಬಿರುಗಾಳಿಯಲ್ಲೂ ಬಿಸಿ ಊಟ ಹಾಕಿದ ಮನುಷ್ಯ ಕೈಕಟ್ಟಿ ನಿಂತು ಉತ್ತರ ಹೇಳುತ್ತಿದ್ದರು. ಕೊನೆಗೆ ನಾನೇ ಬಾಯಿ ಬಿಟ್ಟೆ: ತಿಂಗಳ ಕೊನೆಯಿಂದ ಅಡುಗೆಮನೆ ನನ್ನದೊಬ್ಬಳದು, ಮಾವ ಒಲೆ ಹಚ್ಚುವ ಹಾಗಿಲ್ಲ.

“ಆಯ್ತಮ್ಮ, ನಿನ್ನ ಜೀವಕ್ಕಿಂತ ಒಲೆ ಹೆಚ್ಚಾ?” ಎಂದರು ಅವರು. ಎಂದವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ನೋಡದವಳಂತೆ ಇದ್ದುಬಿಟ್ಟೆ.

ಆ ವಾರವೇ ಅಂಗಡಿಗೆ ಹೊಸ ಸರಕು ಬಂತು. ನನ್ನ ನಾಲ್ಕೂ ಬಗೆಯನ್ನು ಒಟ್ಟಿಗೆ ಮೂವತ್ತು ಡಬ್ಬಿ ತಂದು, ಗಂಡ ತನಗೆಂದು ತಂದಿದ್ದ ಅವೇ ಬಗೆಗಳ ಮತ್ತು ಟೊಮೆಟೊದ, ಮೈದಾ ತುಂಬಿದ ಹತ್ತು ಡಬ್ಬಿಗಳಿಂದ ಒಂದು ಗೇಣು ದೂರದಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಜೋಡಿಸಿಟ್ಟೆ. ಶನಿವಾರ ಆಸ್ಪತ್ರೆಯೊಂದರ ಲಿಫ್ಟ್ ಸರಿಮಾಡಿ ಸಂಜೆ ಮನೆಗೆ ಬಂದರೆ, ಅಡುಗೆಮನೆಯಲ್ಲಿ ಮಾವ ಹೊಸ ಕಳೆಯಿಂದ ನಿಂತಿದ್ದರು. ಅಂಗಿಯ ತೋಳು ಮೊಣಕೈ ದಾಟಿತ್ತು, ಕೈಯಲ್ಲಿ ಕಪ್ಪು ಬಣ್ಣದ ಕುಂಚ.

“ನೋಡು ಬಾ. ಡಬ್ಬಿ ಹಿಂದೆ ಜಿರಲೆ ಕಂಡೆ. ಒಂದೇ ಒಂದು. ಬಿಡ್ತೀನಾ?”

ಗೋಡೆಯ ಹಲಗೆಯ ಮೇಲೆ ನಲವತ್ತು ಡಬ್ಬಿಗಳು ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. ಒಂದರ ಮೈಮೇಲೂ ಚೀಟಿಯಿಲ್ಲ. ಬರಿಯ ತವರದ ಹೊಳಪು, ಅದರ ಮೇಲೆ ಮಾವನ ದುಂಡಗಿನ ಅಕ್ಷರ: ಅಣಬೆ. ಬೇಳೆ. ಕೋಳಿ. ಅಣಬೆ. ಟೊಮೆಟೊ. ಅಣಬೆ. ಕೋಳಿ.

ಹಡಗಿನಲ್ಲಿ ಹಾಗೆಯೇ ಅಂತೆ. ಚೀಟಿಯ ಅಂಟಿಗೆ ಜಿರಲೆ ಬರುತ್ತದೆ, ತೇವಕ್ಕೆ ಕಾಗದ ಕಳಚಿ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಸರಕು ಹಡಗಿಗೆ ಹತ್ತಿದ ಮೊದಲ ದಿನವೇ ಡಬ್ಬಿಗಳನ್ನೆಲ್ಲ ನೆನೆಸಿ, ಚೀಟಿ ಸುಲಿದು, ಒಳಗೇನಿದೆ ಎಂದು ಮೈಮೇಲೆ ಬರೆಯುವುದು ಅಡುಗೆಯವನ ಕೆಲಸ. ಮೂವತ್ತೊಂದು ವರ್ಷ ಮಾಡಿದ್ದನ್ನು ಅವರು ಒಂದೇ ಮಧ್ಯಾಹ್ನದಲ್ಲಿ ನನಗೋಸ್ಕರ ಮಾಡಿ ಮುಗಿಸಿದ್ದರು.

“ಮಾವ, ಇದರಲ್ಲಿ ನನ್ನ ಅಣಬೆ ಯಾವುದು? ನಿಮ್ಮ ಮಗನ ಅಣಬೆ ಯಾವುದು?”

ಅವರ ಕುಂಚ ಗಾಳಿಯಲ್ಲೇ ನಿಂತಿತು. “ಅಣಬೆ… ಅಣಬೆ ಅಲ್ವೇನಮ್ಮ?” ಎಂದರು. ಎಂದ ಮೇಲೆ ಅವರಿಗೇ ಹೊಳೆದು ಮುಖದ ಬಣ್ಣ ಇಳಿದುಹೋಯಿತು.

ನನ್ನ ಕೋಪ ನೆತ್ತಿಗೇರಿತು. ಎರಡು ತಿಂಗಳ ಬೇಟೆ, ಪ್ಲಾಸ್ಟಿಕ್ ಸ್ಟೂಲು, ಇಡೀ ತಿಂಗಳ ಊಟ, ಎಲ್ಲ ನೀರುಪಾಲು. “ತಿಂಗಳ ಕೊನೆ ಬೇಡ ಮಾವ. ಇವತ್ತೇ ಒಲೆ ಬಿಡಿ. ನಿಮ್ಮ ಕೈಯಿಂದ ಬಂದದ್ದನ್ನ ನಾನು ಇನ್ನು ಮುಟ್ಟಲ್ಲ” ಎಂದುಬಿಟ್ಟೆ. ಮಾವ ಕುಂಚ ತೊಳೆದು, ಏಪ್ರನ್ ಬಿಚ್ಚಿ, ನೀಟಾಗಿ ಮಡಿಸಿ ನನ್ನ ಮುಂದೆ ಇಟ್ಟು ಹೊರಗೆ ಹೋದರು. ಅದೇ ಹೊತ್ತಿಗೆ ಬಾಗಿಲಿಗೆ ಬಂದ ಗಂಡ ನನ್ನನ್ನೂ ಹಲಗೆಯನ್ನೂ ನೋಡಿ, “ಅಂದ್ರೆ ಈ ನಲವತ್ತೂ ನಾನೇ ಕುಡೀಬೇಕಾ?” ಎಂದು ಕೇಳಿದರು. ನಾನು ನೋಡಿದ ನೋಟಕ್ಕೆ ಬಾಗಿಲಿನಿಂದಲೇ ಹಿಂದೆ ಸರಿದರು.

ಭಾನುವಾರ ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದರೆ ಬಟ್ಟೆ ಹಗ್ಗದ ತುಂಬ ಚೀಟಿಗಳು. ಬಕೆಟ್ಟಿನಲ್ಲಿ ನೆನೆದಿದ್ದ ನಲವತ್ತನ್ನೂ ಮಾವ ಒಂದೊಂದಾಗಿ ಬಿಡಿಸಿ, ಸುಕ್ಕು ಒತ್ತಿ, ಕ್ಲಿಪ್ ಹಾಕಿ ಒಣಗಿಸಿದ್ದರು. ಮಗನ ಅಂಗಡಿಯ ಭೂತಗನ್ನಡಿ ಹಿಡಿದು, ಮೂಗು ಚೀಟಿಗೆ ತಾಗುವಷ್ಟು ಬಗ್ಗಿ ಓದುತ್ತಿದ್ದರು. ಪಕ್ಕದಲ್ಲಿ ಗೋಡೆಯಿಂದ ಬಿಡಿಸಿ ತಂದ ನನ್ನ ಕೆಂಪು ಶಾಯಿಯ ಪಟ್ಟಿ.

“ಡಬ್ಬಿ ಯಾವುದು ಅಂತ ಇನ್ನು ಗೊತ್ತಾಗಲ್ಲಮ್ಮ. ಮುಂದಿನ ಸಲ ನಾನೇ ಹೋಗಿ ತಂದುಕೊಡ್ತೀನಿ, ಅದಕ್ಕೆ ಓದಿ ಕಲೀತಾ ಇದ್ದೀನಿ” ಎಂದರು, ನನ್ನ ಮುಖ ನೋಡದೆ. “ಒಂದು ಕೇಳ್ಲಾ? ಈ ಮಾಲ್ಟ್ ಸಾರ ಅಂದ್ರೆ ಏನು? ನಿನ್ನ ಪಟ್ಟಿಯಲ್ಲಿಲ್ಲ. ಪರವಾಗಿಲ್ಲ ತಾನೆ?”

“ಅದು ನಿಮ್ಮ ಮಗನದ್ದರಲ್ಲಿರುತ್ತೆ ಮಾವ. ನನ್ನದರಲ್ಲಿಲ್ಲ.”

“ನಿಂದೇ ಅಲ್ವಾ ಇದು? ಜೋಳದ ಹಿಟ್ಟಿನ ಅಣಬೆ?”

ಚೀಟಿ ಕೈಗೆ ತೆಗೆದುಕೊಂಡೆ. ಅದೇ ಚಿತ್ರ, ಅದೇ ಹಸಿರು ಪಟ್ಟಿ. ಮೇಲಿನ ಮೂಲೆಯಲ್ಲಿ ಬೆರಳುಗುರಿನಷ್ಟು ಕೆಂಪಿನಲ್ಲಿ ‘ಹೊಸ ರುಚಿ’ ಎಂದಿತ್ತು. ಸಾಮಗ್ರಿಗಳ ಸಾಲಿನಲ್ಲಿ ಜೋಳದ ಹಿಟ್ಟು, ಉಪ್ಪು, ಈರುಳ್ಳಿ, ಆಮೇಲೆ ಮಾಲ್ಟ್ ಸಾರ. ಮಾಲ್ಟ್ ಮಾಡುವುದು ಬಾರ್ಲಿಯಿಂದ. ಹಗ್ಗದಲ್ಲಿದ್ದ ನನ್ನ ಹನ್ನೆರಡು ಅಣಬೆ ಚೀಟಿಗಳನ್ನೂ ನೋಡಿದೆ. ಹನ್ನೆರಡರಲ್ಲೂ ಇತ್ತು.

ಆ ಸೂಪಿನ ಚೀಟಿಯನ್ನು ನಾನು ಓದಿದ್ದು ಒಂದೇ ಒಂದು ಸಲ, ತೇಲಿಕೊಂಡು ಮನೆಗೆ ಬಂದ ದಿನ. ಆಮೇಲೆ ಚಿತ್ರ ನೋಡಿ ಬುಟ್ಟಿಗೆ ಹಾಕಿದ್ದೇ ಹಾಕಿದ್ದು. ಕೆಂಪು ಮೂಲೆ ಯಾವಾಗಿನಿಂದ ಇದೆಯೋ ದೇವರೇ ಬಲ್ಲ. ವಾರಕ್ಕೆ ಮೂರು ಡಬ್ಬಿ, ಮೋಟರ್ ಕೋಣೆಗಳಲ್ಲಿ ಕೂತು, ತಳ ಕೆರೆದು ಕುಡಿದಿದ್ದೆ. ಸಂಜೆ ಹೊಟ್ಟೆ ನೋವು ಬಂದಾಗ ಮನೆಗೆ ಬಂದು ಮಾವನ ಕೈ ತೊಳೆಸುತ್ತಿದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆಗ ನನಗೆ ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಮಾವನಿಗೆ ಮಾಲ್ಟ್ ಗೊತ್ತಿಲ್ಲ. ‘ಪರವಾಗಿಲ್ಲ’ ಎಂದು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರೆ ಮುಗಿಯಿತು. ಸದ್ದಿಲ್ಲದೆ ಆ ಸೂಪು ಬಿಟ್ಟರೆ ಅಂಕಿ ಇಳಿಯುತ್ತದೆ, ಅಡುಗೆಮನೆ ನನ್ನ ಕೈಗೆ ಬಂದದ್ದರಿಂದಲೇ ಇಳಿಯಿತು ಎಂದು ಎಲ್ಲರೂ ನಂಬುತ್ತಾರೆ. ನಾನು ಗೆದ್ದವಳು. ಮಾವ ಒಲೆಯಿಲ್ಲದೆ ಬಾಲ್ಕನಿಯಲ್ಲಿ ಕೂತು ಮೋಡ ನೋಡುತ್ತಾರೆ.

ಚೀಟಿಯನ್ನು ಅರ್ಧ ಮಡಿಸಿಯೂ ಆಗಿತ್ತು. ಮಾವ ಭೂತಗನ್ನಡಿ ಹಿಡಿದು ಉತ್ತರಕ್ಕೆ ಕಾಯುತ್ತಿದ್ದರು. ರಾತ್ರಿಯೆಲ್ಲ ನೀರಿನಲ್ಲಿ ಕಾಗದ ಬಿಡಿಸಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನಗೆ ಅಳು ಬಂದುಬಿಟ್ಟಿತು.

“ಮಾವ, ತಪ್ಪು ನಿಮ್ಮ ಒಲೇದಲ್ಲ. ಮಾಲ್ಟ್ ಅಂದ್ರೆ ಬಾರ್ಲಿ. ಇಷ್ಟು ತಿಂಗಳು ವಿಷ ತಂದು ತಿಂದಿದ್ದು ನಾನೇ. ಬೈದಿದ್ದು ನಿಮ್ಮನ್ನ.”

ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಅವರು ಭೂತಗನ್ನಡಿಯಲ್ಲಿ ಮತ್ತೆ ಓದಿದರು. ಆಮೇಲೆ ಪೆನ್ನು ತೆಗೆದು ನನ್ನ ಪಟ್ಟಿಯ ಕೊನೆಯಲ್ಲಿ ‘ಮಾಲ್ಟ್’ ಎಂದು ದುಂಡಗೆ ಬರೆದರು.

“ಹಾಗಾದ್ರೆ ಈಗ ಅಡುಗೆಮನೆ ಬಿಟ್ಟು ಹೋಗಬೇಕಾದ್ದು ಯಾರು?” ಎಂದರು. ಮುಖ ಗಂಭೀರವಾಗಿಯೇ ಇತ್ತು, ಮೀಸೆ ಮಾತ್ರ ಅಲುಗುತ್ತಿತ್ತು.

“ನಾನೇ ಹೋಗ್ತೀನಿ ಕ್ಯಾಪ್ಟನ್.”

ಒಳಗಿನಿಂದ ಗಂಡನ ದನಿ ಬಂತು: “ಮತ್ತೆ ಆ ನಲವತ್ತು ಡಬ್ಬಿ?”

“ನೀನು ಕುಡಿ!” ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ನಾನು ಗಂಡನನ್ನು ನೀನು ಎಂದದ್ದು ಅದೇ ಮೊದಲು. ಮಾವ ಕೇಳದವರಂತೆ ಏಪ್ರನ್ ಹುಡುಕುತ್ತ ಒಳಗೆ ಹೋದರು.

ಆ ಮಧ್ಯಾಹ್ನ ಅವರು ನನ್ನ ಪಾತ್ರೆಯನ್ನು ಮೂರು ಸಲ ತೊಳೆದು ಸೂಪು ಮಾಡಿದರು. ಬಿಸಿ ಬಟ್ಟಲು ನನ್ನ ಮುಂದಿಟ್ಟು, ಎಂದಿನಂತೆ ಕೈಕಟ್ಟಿ ನಿಂತರು. ನಾನು ಏನನ್ನೂ ಕೇಳಲಿಲ್ಲ. ಇಷ್ಟು ತಿಂಗಳ ವಿಚಾರಣೆಗೆ ಪ್ರಾಯಶ್ಚಿತ್ತ ಎನ್ನುವಂತೆ, ಅವರ ಮೇಲೆ ಪೂರ್ತಿ ನಂಬಿಕೆಯಿಟ್ಟು ಚಮಚ ಎತ್ತಿದೆ. ಅದು ತುಟಿ ತಲುಪುವ ಮೊದಲೇ ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಕೇಳಮ್ಮ” ಎಂದರು.

“ಬೇಡ ಮಾವ. ನಿಮ್ಮನ್ನೇನು ಕೇಳೋದು?”

“ಕೇಳ್ಬೇಕು. ಆ ಅಣಬೆ ಡಬ್ಬೀನ ನಂಬಿ ಕೇಳದೇ ಬಿಟ್ಟೆಯಲ್ಲ, ಏನಾಯ್ತು? ನೀನು ಕೇಳಿದಾಗೆಲ್ಲ ನಂಗೆ ಬೇಜಾರಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಇವತ್ತು ನೀನು ಕೇಳದೇ ಚಮಚ ಎತ್ತಿದೆ ನೋಡು, ನಂಗೆ ಹೆದರಿಕೆ ಆಯ್ತು.” ಅವರ ಕೈ ಇನ್ನೂ ನನ್ನ ಮಣಿಕಟ್ಟಿನ ಮೇಲಿತ್ತು. “ಕೇಳು.”

ನಾನು ಚಮಚ ಕೆಳಗಿಟ್ಟೆ. “ಇದರಲ್ಲೇನು ಹಾಕಿದ್ದೀರಿ ಮಾವ?” ಎಂದು ಕೇಳಿದೆ.

ಮಾವ ಕುರ್ಚಿ ಎಳೆದು ನನ್ನ ಎದುರು ಕೂತು, ನೀರಿನಿಂದ ಶುರುಮಾಡಿ, ಒಂದೊಂದಾಗಿ ಹೇಳತೊಡಗಿದರು.