ಎಲ್ಲಿಯ ಅಣಬೆ?

ಮೊದಲು ಸಿಕ್ಕಿದ ಮಾಹಿತಿಯನ್ನೇ ಬಾಚಿಕೊಂಡು ಬರುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ನಾನು ಪಾಠ ಮಾಡುವ ಶಾಲೆಯ ಲೈಬ್ರರಿಯಲ್ಲಿ ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದಿಟ್ಟಿದ್ದೇನೆ: ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಅದು ಎಲ್ಲಿಯ ಮಾತು? ಮೂರನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅವತ್ತಿನ ವಿಷಯ ಮನೆಯಡುಗೆ; ಎರಡು ಆಧಾರ ಕೊಟ್ಟು ಹೇಳಬೇಕು. ಗಾವ್ ನೂ ಎದ್ದು ನಿಂತಳು. ಲಾವೋಸಿನ ಬೆಟ್ಟಗಳಿಂದ ಬಂದ ಅಜ್ಜಿಯ ಕೈಯಲ್ಲಿ ಬೆಳೆದ ಹ್ಮಾಂಗ್ ಜನಾಂಗದ ಹುಡುಗಿ.

"ನಮ್ಮಜ್ಜಿ ಅಣಬೆ ಸಾರು. ಒಂದನೇ ಆಧಾರ, ಲಾವೋಸಿನ ಅಣಬೆ ಪುಸ್ತಕ, ವಿಜ್ಞಾನಿ ಬರ್ದಿದ್ದು. ಎರಡನೇದು ನಮ್ಮಜ್ಜಿ. ಚಿಕ್ಕೋಳಿದ್ದಾಗಿಂದ ಕಾಡಲ್ಲಿ ಅಣಬೆ ಕಿತ್ತೋಳು. ಎರಡೂ ಒಂದೇ ಹೇಳ್ತವೆ, ಈ ಅಣಬೆ ತಿನ್ನಬಹುದು ಅಂತ."

"ಅಜ್ಜೀನೂ ಆಧಾರಾನಾ?" ಎಂದ ಹಿಂದಿನ ಬೆಂಚಿನ ಡೆಸ್ಮಂಡ್. "ಹಂಗಾದ್ರೆ ನಮ್ ತಾತನ್ನ ಕರ್ಕೊಂಡ್ ಬರ್ತೀನಿ. ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ ಅಂತಾನೆ."

"ಬಾಯ್ಮುಚ್ಚೋ! ಮಾಡಿ ತಿಂದೋರಿಗಿಂತ ದೊಡ್ಡ ಆಧಾರ ಬೇಕಾ?" ಎಂದು ನಾನೇ ಗದರಿದೆ.

ಗಾವ್ ನೂ ಪರದೆಯ ಮೇಲೆ ಫೋಟೋ ತೋರಿಸಿದಳು. "ಇವತ್ತು ಬೆಳಿಗ್ಗೆ ಅಜ್ಜಿಗೆ ಪಾರ್ಕಲ್ಲಿ ಓಕ್ ಮರದ ಕೆಳಗೆ ಸಿಕ್ಕಿದ್ದು. ಮಧ್ಯಾಹ್ನ ಇದೇ ಊಟ."

ಬುಟ್ಟಿ ತುಂಬಾ ಅಣಬೆ. ಬುಡದಲ್ಲಿ ಮೊಟ್ಟೆಯಂಥ ಚೀಲ. ಮಳೆ ಬಿದ್ದಾಗಲೆಲ್ಲ ಇಲ್ಲಿ ಓಕ್ ಬುಡದಲ್ಲಿ ಏಳುವ, ಇಂಥದೇ ಚೀಲದ ಒಂದು ಅಣಬೆ ಮನುಷ್ಯರ ಯಕೃತ್ತನ್ನೇ ಕೊಳೆಸುತ್ತದೆ.

"ಅಜ್ಜಿಗೆ ಫೋನ್ ಮಾಡು. ಈಗ್ಲೇ. ಅದು ವಿಷ ಇರಬಹುದು."

ಅವಳ ಮುಖ ಕೆಂಪಾಯಿತು. "ನಮ್ಮಜ್ಜಿಗೆ ಗೊತ್ತಿಲ್ಲ ಅಂತೀರಾ, ಮಿಸ್?"

"ಅಜ್ಜಿ ಹೇಳೋದೂ ಸುಳ್ಳಲ್ಲ, ಪುಸ್ತಕಾನೂ ಸುಳ್ಳಲ್ಲ. ಎರಡೂ ಲಾವೋಸಿಂದು. ಅಣಬೆ ಇಲ್ಲೀದು. ಮೂರನೇ ಪ್ರಶ್ನೆ ಓದು!"

ಓದಿದಳು. ಸ್ಪೀಕರ್ ಹಾಕಿ ಫೋನ್ ಮಾಡಿದಳು. ಆ ಕಡೆಯಿಂದ ಬೈಗುಳದ ಸುರಿಮಳೆ.

"ನಿಮ್ ಟೀಚರ್ ಯಾವತ್ತಾದ್ರೂ ಅಣಬೆ ಕಿತ್ತಿದ್ದಾಳಾ ಕೇಳು ಅಂತಿದಾಳೆ."

"ಕಿತ್ತಿಲ್ಲ ಅನ್ನು. ಅವರೂರಲ್ಲಿ ಅರಳಿದ ಅಣಬೆ ಕೊಡೆ ಕೆಳಗೆ ಯಾವ ಬಣ್ಣ, ಕೇಳು."

"ಗುಲಾಬಿ ಅಂತೆ."

"ಇವತ್ತಿನದನ್ನ ತಿರುಗಿಸಿ ನೋಡೋಕೆ ಹೇಳು."

ಹೆಜ್ಜೆಯ ಸದ್ದು. ಬುಟ್ಟಿ ಎಳೆದ ಸದ್ದು. ಡೆಸ್ಮಂಡ್ ಕೂಡ ಎದ್ದು ನಿಂತಿದ್ದ.

"ಬಿಳಿ," ಎಂದಳು ಗಾವ್ ನೂ. ಇಲ್ಲಿಯ ವಿಷದ ಅಣಬೆಯದೂ ಬಿಳಿಯೇ.

"ತಿಂದಿಲ್ಲ ತಾನೇ?"

ಅವಳು ಕೇಳಿದಳು. ಉತ್ತರ ಉದ್ದವಾಗಿತ್ತು. "ಸಾರಿನ ಉಪ್ಪು ನೋಡಿದ್ಲಂತೆ. ಹೊಟ್ಟೆ ಸರಿಯಾಗೇ ಇದೆ, ಸುಮ್ನೆ ಗಾಬರಿ ಬೀಳ್ಬೇಡ ಅಂತಿದಾಳೆ."

ಆ ವಿಷ ಅರ್ಧ ದಿನ ಸುಮ್ಮನಿದ್ದು ಆಮೇಲೆ ಹಿಡಿಯುತ್ತದೆ. ಮನೆ ವಿಳಾಸ ಕೇಳಿಕೊಂಡು ನಾನು ಆಂಬುಲೆನ್ಸಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳ ಫೋನಿನಲ್ಲಿ ಸೈರನ್ ಕೇಳಿಸಿತು, ಬಾಗಿಲು ಬಡಿದದ್ದೂ ಕೇಳಿಸಿತು. ಅಜ್ಜಿ ತೆಗೆಯಲೊಲ್ಲಳು. ಗಾವ್ ನೂ ಅತ್ತಳು, ರೇಗಿದಳು. ಕೊನೆಗೆ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಚಿಲಕ ಸರಿದ ಸದ್ದಾಯಿತು.

"ಏನಂದೆ?"

ಅವಳು ಹಲಗೆಗೆ ಒರಗಿ ಕಣ್ಣೊರೆಸಿಕೊಂಡಳು.

"ಎಲ್ಲಾ ಬಲ್ಲೋಳು ನೀನು. ಆದ್ರೆ ಇದು ನಿನ್ನ ಕಾಡಲ್ಲ ಅಜ್ಜಿ, ಅಂದೆ."