ನಿನ್ನೆ, ಊಟದ ಬಿಡುವಿನಲ್ಲಿ

"ನೀವು ಯಾರಿಗೂ ಹೇಳಬಾರ್ದು, ಟೀಚರ್. ಪ್ರಾಮಿಸ್ ಮಾಡಿ."

ಊಟದ ಬಿಡುವು. ನಾಲ್ಕನೇ ತರಗತಿಯ ಮಕ್ಕಳೆಲ್ಲ ಮೈದಾನಕ್ಕೆ ಓಡಿದ್ದರು. ಗುಬ್ಬಿ ಮಾತ್ರ ಟೀಚರ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬೇರೆ. ಮೈಯಲ್ಲಿ ಹಿಡಿ ಮಾಂಸವಿಲ್ಲ, ಬಾಯಿ ತೆರೆದರೆ ಚಿಲಿಪಿಲಿ ನಿಲ್ಲುವುದಿಲ್ಲ ಅಂತ ಟೀಚರೇ ಇಟ್ಟ ಅಡ್ಡಹೆಸರು ಅದು. ಈಚೆಗೆ ಒಂದು ತಿಂಗಳಿಂದ ಆ ಚಿಲಿಪಿಲಿ ನಿಂತುಹೋಗಿತ್ತು.

ಟೀಚರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಏನಾಯಿತು ಅಂತ ಕೇಳುವ ಮೊದಲು ಅವರ ಬಾಯಿಂದ ಬೇರೆಯೇ ಪ್ರಶ್ನೆ ಬಂತು.

"ಲೈಬ್ರರಿ ಅಕ್ಕನಿಗೆ ಹೇಳಿದ್ಯಾ?"

"ಇಲ್ಲ. ನಿಮಗೇ."

"ಹಾಗಾದ್ರೆ ಹೇಳು ಮರಿ. ನಾನು ಯಾರಿಗೂ ಹೇಳಲ್ಲ. ಪ್ರಾಮಿಸ್."

ಹುಡುಗಿ ಹೇಳಿದಳು. ಒಂದು ಮಾತು, ಆಮೇಲೆ ಮೇಜು ಕೆರೆಯುವುದು, ಮತ್ತೊಂದು ಮಾತು. ಶಾಲೆಯ ವ್ಯಾನ್ ಓಡಿಸುವ ಮಾಮ, ದಾರಿ ಬದಲಾಗಿದೆ ಅಂತ, ಈಗ ಅವಳನ್ನು ಎಲ್ಲರಿಗಿಂತ ಕೊನೆಗೆ ಇಳಿಸುತ್ತಾನೆ. ಉಳಿದವರೆಲ್ಲ ಇಳಿದ ಮೇಲೆ ಮುಂದಿನ ಸೀಟಿಗೆ ಬಾ ಅನ್ನುತ್ತಾನೆ. ಗೇರ್ ಹಾಕೋದು ಕಲಿಸ್ತೀನಿ ಅಂತ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಇದು ನಮ್ಮಿಬ್ಬರ ಆಟ, ಯಾರಿಗಾದರೂ ಹೇಳಿದರೆ ನಿನ್ನನ್ನೇ ಶಾಲೆ ಬಿಡಿಸುತ್ತಾರೆ ಅನ್ನುತ್ತಾನೆ.

"ಆಮೇಲೆ?"

"ನಂಗಿಷ್ಟ ಆಗಲ್ಲ," ಅಂದಳು ಗುಬ್ಬಿ. ಅದಕ್ಕಿಂತ ಮುಂದೆ ಹೋಗಲಿಲ್ಲ.

ಟೀಚರು ಅವಳನ್ನು ಎಳೆದು ಅಪ್ಪಿಕೊಂಡರು. ಆ ಸಿಟ್ಟಿನಲ್ಲಿ ವ್ಯಾನಿನವನು ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ. ಆದರೆ ಆ ಸಿಟ್ಟಿನ ತಳದಲ್ಲಿ ಇನ್ನೊಂದು ಭಾವ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು, ಬೆಚ್ಚಗೆ ಕೂತಿತ್ತು. ನನ್ನ ಹತ್ತಿರವೇ ಬಂದಳು. ಆ ಲೈಬ್ರರಿಯವಳ ಹತ್ತಿರ ಹೋಗಲಿಲ್ಲ.

ಇಪ್ಪತ್ತಮೂರು ವರ್ಷ ಅದೇ ಕೋಣೆಯಲ್ಲಿ ಪಾಠ ಹೇಳಿದವರು ಅವರು. ಮೊಣಕಾಲು ತರಚಿಕೊಂಡ ಮಕ್ಕಳು, ಹಲ್ಲು ಬಿದ್ದ ಮಕ್ಕಳು, ಅಪ್ಪ ಅಮ್ಮ ಜಗಳವಾಡಿದ ಬೆಳಗ್ಗೆ ಮುಖ ಊದಿಸಿಕೊಂಡು ಬಂದ ಮಕ್ಕಳು, ಯಾವ ತರಗತಿಯವರಾದರೂ ಸರಿ, ಅವರ ಸೀರೆಯ ಸೆರಗಿಗೆ ಮೂಗು ಒರೆಸಿದವರೇ. ಹೋದ ವರ್ಷ ಲೈಬ್ರರಿಗೆ ಹೊಸಬಳು ಬಂದಳು. ಇನ್ನೂ ಮೂವತ್ತು ತುಂಬಿಲ್ಲ. ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿ ನೆಲದ ಮೇಲೆ ದಿಂಬು ಹರಡಿದಳು. ಮಕ್ಕಳು ಅಲ್ಲಿ ಬೋರಲು ಮಲಗಿ ಓದತೊಡಗಿದರು. ಟೀಚರ್ ಅಂತ ಕರೆಯಬೇಡಿ, ಅಕ್ಕ ಅನ್ನಿ ಅಂದಳು. ಆರು ತಿಂಗಳಾಗುವಷ್ಟರಲ್ಲಿ ಹೆಡ್‌ಮಾಸ್ಟರು ಮಕ್ಕಳ ಸುರಕ್ಷತೆಯ ಜವಾಬ್ದಾರಿಯನ್ನೂ ಅವಳಿಗೇ ಕೊಟ್ಟು, ಆಫೀಸಿನ ಹೊರಗಿನ ಬೋರ್ಡಿನಲ್ಲಿ ಫೋಟೋ ಸಮೇತ ಹಾಕಿಸಿದರು.

"ನೀವಿರುವಾಗ ನಿನ್ನೆ ಮೊನ್ನೆ ಬಂದೋಳಿಗೆ ಯಾಕೆ ಕೊಟ್ರೋ," ಅಂದಿದ್ದಳು ಆಯಾ.

"ನಂಗ್ಯಾಕಮ್ಮ ಆ ರಗಳೆ," ಅಂದ ಟೀಚರಿಗೆ ಅವತ್ತು ಊಟ ಸೇರಿರಲಿಲ್ಲ.

ಅದನ್ನಾದರೂ ನುಂಗಿಕೊಂಡಾರು. ಎರಡು ವಾರದಿಂದ ಗುಬ್ಬಿ ಬಿಡುವಾದಾಗಲೆಲ್ಲ ಲೈಬ್ರರಿಗೆ ಓಡುವುದನ್ನು ನುಂಗುವುದು ಕಷ್ಟವಾಗಿತ್ತು. ಮೊನ್ನೆ ಬಾಗಿಲಲ್ಲಿ ಇಣುಕಿದರೆ ಹುಡುಗಿಯೂ ಅವಳೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಓದುತ್ತಿದ್ದರು. ಆ ಮಧ್ಯಾಹ್ನ ಟೀಚರು ತರಗತಿಗೆಲ್ಲ ಎರಡು ಪುಟ ಉಕ್ತಲೇಖನ ಕೊಟ್ಟು ಬಿಡುವನ್ನೇ ತಿಂದುಹಾಕಿದ್ದರು.

ಮಗು ಏನಾದರೂ ಹೇಳಿಕೊಂಡರೆ ಅದೇ ದಿನ ಜವಾಬ್ದಾರಿಯವರಿಗೆ ತಿಳಿಸಬೇಕು ಅನ್ನುವ ಹಾಳೆ ಸ್ಟಾಫ್ ರೂಮಿನ ಬಾಗಿಲ ಹಿಂದೆಯೇ ಅಂಟಿಸಿತ್ತು. ಟೀಚರು ಆ ಬಾಗಿಲನ್ನು ಅವತ್ತು ಮೂರು ಸಲ ದಾಟಿದರು. ಹೇಳಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಅವಳು ಹುಡುಗಿಯನ್ನು ದಿಂಬಿನ ಮೇಲೆ ಕೂರಿಸಿಕೊಳ್ಳುತ್ತಾಳೆ, ಬಾಗಿಲು ಮುಚ್ಚುತ್ತಾಳೆ, ಥ್ಯಾಂಕ್ಸ್ ಮೇಡಂ, ಇನ್ನು ನಾನು ನೋಡ್ಕೊಳ್ತೀನಿ ಅನ್ನುತ್ತಾಳೆ. ಇನ್ನೊಂದು ಸಲ ಮಗುವಿನ ಜೊತೆ ಮಾತಾಡಿ, ಎಲ್ಲ ಸರಿಯಾಗಿ ತಿಳಿದುಕೊಂಡು ಹೇಳಿದರಾಯಿತು ಅಂದುಕೊಂಡರು. ಅಲ್ಲಿಯವರೆಗೆ ಮಗುವನ್ನು ಕಾಯುವುದಕ್ಕೆ ನಾನಿಲ್ಲವೇ?

ಸಂಜೆ ಗಂಟೆ ಹೊಡೆದ ಕೂಡಲೇ ಅವರೇ ಗೇಟಿಗೆ ಹೋಗಿ ನಿಂತರು. "ಇವಳಿಗೆ ಲೆಕ್ಕ ಬಾಕಿ ಇದೆ. ನಾನೇ ಮನೆಗೆ ಬಿಡ್ತೀನಿ," ಅಂದರು ವ್ಯಾನಿನವನಿಗೆ. ಅವನ ಮುಖ ನೋಡಲಾಗಲಿಲ್ಲ. ಕನ್ನಡಿಗೆ ನೇತುಹಾಕಿದ್ದ ಪ್ಲಾಸ್ಟಿಕ್ ಹೂವನ್ನು ನೋಡುತ್ತ ಹೇಳಿದರು.

"ಆಯ್ತು ಮೇಡಂ. ನಮ್ಮ ರಾಣಿ ಇಲ್ದಿದ್ರೆ ವ್ಯಾನ್ ಬಿಕೋ ಅನ್ನತ್ತೆ ಅಷ್ಟೇ," ಅಂತ ನಕ್ಕ.

ಗುಬ್ಬಿ ದಾರಿಯುದ್ದಕ್ಕೂ ಅವರ ಕಿರುಬೆರಳು ಹಿಡಿದುಕೊಂಡು ನಡೆದಳು. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಬರುವುದು ಐದೂವರೆಗೆ. ಅಲ್ಲಿಯವರೆಗೆ ಟೀಚರು ಅವಳ ಜೊತೆ ಮೆಟ್ಟಿಲ ಮೇಲೆ ಕೂತರು. ತಾಯಿ ಬಂದಾಗ "ಏನಿಲ್ಲ, ಹೀಗೇ ಈ ಕಡೆ ಬಂದಿದ್ದೆ," ಅಂದರು. ಮನೆಗೆ ಹೋದರೆ ಗಂಡ ಪೇಪರ್ ಕೆಳಗಿಳಿಸಿ, "ಏನಿವತ್ತು, ಮುಖದಲ್ಲಿ ಬಲ್ಬ್ ಹತ್ತಿದೆ? ಯಾವ ಹುಡುಗ ಕಣ್ಣು ಹೊಡೆದ?" ಅಂದರು.

"ನಿಮ್ಮ ತಲೆ," ಅಂದರು ಟೀಚರು. ಗಂಡನಿಗೂ ಹೇಳಲಿಲ್ಲ.

ಮರುದಿನ ಕೊನೆಯ ಪೀರಿಯಡ್‌ಗೆ ಸ್ಟಾಫ್ ಮೀಟಿಂಗ್ ಅಂತ ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಮಕ್ಕಳನ್ನು ಆಯಾ ನೋಡಿಕೊಳ್ಳಲಿ ಅಂದರು. ಗಂಟೆ ಹೊಡೆಯುವಷ್ಟರಲ್ಲಿ ಎದ್ದು ಬಂದರಾಯಿತು ಅಂತ ಟೀಚರು ಲೆಕ್ಕ ಹಾಕಿದರು. ಒಳಗೆ ಹೋದರೆ ಬೋರ್ಡಿನ ಪಕ್ಕ ನಿಂತವಳು ಲೈಬ್ರರಿಯವಳು.

"ಗುಟ್ಟಾಗಿ ಇಟ್ಕೊಳ್ತೀನಿ ಅಂತ ಮಾತ್ರ ಮಗುಗೆ ಮಾತು ಕೊಡಬೇಡಿ," ಅನ್ನುತ್ತಿದ್ದಳು. "ಉಳಿಸ್ಕೊಳ್ಳೋಕಾಗದ ಮಾತು ಅದು."

ನನಗೇ ಹೇಳುತ್ತಿದ್ದಾಳೆ ಅನ್ನಿಸಿತು ಟೀಚರಿಗೆ. ಇಲ್ಲ, ಇವಳಿಗೇನು ಗೊತ್ತು. ಒಂದು ಮಗುವನ್ನೂ ಹೆತ್ತವಳಲ್ಲ, ಪಟ್ಟಿ ಮಾಡಿಕೊಂಡು ಬಂದಿದ್ದಾಳೆ ಬುದ್ಧಿ ಹೇಳಲಿಕ್ಕೆ. ಮಾತಾಡುವಾಗ ಕೈ ಆಡಿಸುವ ಚಂದ ನೋಡು. ಹೆಡ್‌ಮಾಸ್ಟರು ಬೇರೆ ತಲೆದೂಗುತ್ತ ಕೂತಿದ್ದಾರೆ. ಟೀಚರು ಕೈ ಎತ್ತಿದರು.

"ಮಕ್ಕಳಿಗೆ ಆ ಜವಾಬ್ದಾರಿಯವರ ಮೇಲೆ ನಂಬಿಕೆ ಇಲ್ದಿದ್ರೆ? ಬೇರೆ ಟೀಚರ್ ಹತ್ರಾನೇ ಹೋದ್ರೆ ಏನ್ ಮಾಡ್ತೀರಿ?"

ಯಾರೋ ಕೆಮ್ಮಿದರು. ಲೈಬ್ರರಿಯವಳು ಅವರನ್ನೇ ನೋಡಿದಳು.

"ಒಳ್ಳೇದಾಯ್ತು ಅಂತೀನಿ, ಮೇಡಂ. ಯಾರ ಹತ್ರ ಆದ್ರೂ ಬಾಯಿ ಬಿಡ್ತಲ್ಲ. ಆ ಟೀಚರ್ ಅವತ್ತೇ ನನ್ನ ಹತ್ರ ಬಂದ್ರೆ ಸಾಕು."

"ಬರಲೇಬೇಕಾ?"

"ಬರಲೇಬೇಕು."

ಟೀಚರು ಬಿಡಲಿಲ್ಲ. ಇಪ್ಪತ್ತಮೂರು ವರ್ಷದ ಅನುಭವಕ್ಕೆ ಬೆಲೆಯಿಲ್ಲವೇ, ಎಲ್ಲದಕ್ಕೂ ಫಾರಂ ತುಂಬಬೇಕೇ, ಪ್ರೀತಿಗೂ ಒಂದು ಫಾರಂ ಮಾಡಿಸಿಬಿಡಿ ಅಂದರು. ಎರಡು ಮೂರು ಜನ ನಕ್ಕರು. ಆ ನಗು ಅವರಿಗೆ ಹಿತವಾಯಿತು. ಇನ್ನೂ ಏನೋ ಹೇಳಲಿದ್ದರು. ಕಿಟಕಿಯಾಚೆ ಹಾರ್ನ್ ಕೇಳಿಸಿತು. ತಿರುಗಿ ನೋಡಿದರೆ ಅಂಗಳ ಖಾಲಿ. ಹಳದಿ ವ್ಯಾನು ಗೇಟು ದಾಟಿ ಎಡಕ್ಕೆ ಹೊರಳುತ್ತಿತ್ತು. ಗಂಟೆ ಯಾವಾಗ ಹೊಡೆಯಿತು? ಎಲ್ಲರಿಗೂ ಕೇಳಿಸಿತ್ತು, ಅವರೊಬ್ಬರಿಗೆ ಬಿಟ್ಟು.

ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಗೇಟಿನವರೆಗೆ ಓಡಿದರು. ಆ ವಯಸ್ಸಿಗೆ, ಆ ಮೈಗೆ, ಅವರು ಓಡುವುದನ್ನು ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ಹಿಂದೆಯೇ ಓಡಿಬಂದವಳು ಲೈಬ್ರರಿಯವಳು.

"ಮೇಡಂ, ಏನಾಯ್ತು?"

"ಗುಬ್ಬಿ," ಅಂದರು. ಉಸಿರು ಸಾಲಲಿಲ್ಲ. "ವ್ಯಾನಿನವನು... ಕೊನೆಗೆ ಇಳಿಸ್ತಾನೆ. ಮುಂದೆ ಕೂರಿಸ್ಕೊಳ್ತಾನೆ. ಮಗು ನನ್ನ ಹತ್ರ ಹೇಳಿದೆ."

ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೆಡ್‌ಮಾಸ್ಟರಿಗೆ, "ಪೊಲೀಸರಿಗೆ ಫೋನ್ ಮಾಡಿ, ತಾಯಿಗೂ ಹೇಳಿ," ಅಂತ ಕೂಗಿ, ತನ್ನ ಪುಟ್ಟ ಕಾರಿನ ಬಾಗಿಲು ತೆಗೆದಳು. ಮಕ್ಕಳು ಇಳಿಯುವ ಜಾಗಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಮೂರನೇ ತಿರುವಿನಲ್ಲಿ, ಕಣ್ಣು ರಸ್ತೆಯ ಮೇಲಿಟ್ಟೇ ಹೇಳಿದಳು:

"ಎರಡು ವಾರದ ಹಿಂದೆ ನನ್ನ ಹತ್ರ ಬಂದಿದ್ಲು. ಗುಟ್ಟು ಇಟ್ಕೊಳ್ತೀರಾ ಅಂದ್ಲು. ಆಗಲ್ಲ ಪುಟ್ಟಾ ಅಂದೆ. ಹಾಗಾದ್ರೆ ಏನಿಲ್ಲ ಅಂತ ಹೋಗ್ಬಿಟ್ಲು. ಹೆಡ್‌ಮಾಸ್ಟರಿಗೆ ಬರೆದು ಕೊಟ್ಟೆ. ದಿನಾ ಕರೆದು ಹತ್ರ ಕೂರಿಸ್ಕೊಂಡೆ. ತುಟಿ ಬಿಚ್ಚಲಿಲ್ಲ." ಗೇರ್ ಬದಲಿಸಿದಳು. "ನಿಮ್ಮ ಸೆರಗು ಹಿಡ್ಕೊಂಡು ಓಡಾಡೋದು ನೋಡಿದಾಗ ಹೊಟ್ಟೆ ಉರೀತಿತ್ತು, ಮೇಡಂ. ನಂಗ್ಯಾಕೆ ಆಗಲ್ಲ ಇದು ಅಂತ."

ಟೀಚರು ಸೀಟ್ ಬೆಲ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ಇಳಿಸುವ ಜಾಗಗಳನ್ನೆಲ್ಲ ಸುತ್ತಿದ ಮೇಲೆ ವ್ಯಾನು ಸಿಕ್ಕಿದ್ದು ನೀರಿನ ಟ್ಯಾಂಕಿನ ಹಿಂದಿನ ಖಾಲಿ ರಸ್ತೆಯಲ್ಲಿ. ಎಂಜಿನ್ ಆಫ್ ಆಗಿತ್ತು. ಕಾರಿನ ಸದ್ದಿಗೆ ಅವನು ದಡಕ್ಕನೆ ಕೆಳಗಿಳಿದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಪಂಕ್ಚರ್, ಮೇಡಂ."

ಟೀಚರು ಚಕ್ರ ನೋಡಿದರು. ನಾಲ್ಕೂ ಚಕ್ರ ನೋಡಿದರು. ಗಾಳಿ ತುಂಬಿಕೊಂಡು ನೆಟ್ಟಗೆ ನಿಂತಿದ್ದವು. ಅವನೂ ಅವರೂ ಒಬ್ಬರನ್ನೊಬ್ಬರು ನೋಡಿದರು. ಈ ಸಲ ಟೀಚರು ಕಣ್ಣು ತೆಗೆಯಲಿಲ್ಲ. ಅವನು ರಸ್ತೆಯ ಕಡೆ ತಿರುಗಿದ.

ಗುಬ್ಬಿ ಮುಂದಿನ ಸೀಟಿನಲ್ಲಿದ್ದಳು. ಸ್ಕೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ತೋಳಿನಿಂದ ಅವುಚಿಕೊಂಡಿದ್ದಳು. ಲೈಬ್ರರಿಯವಳು ಬಾಗಿಲು ತೆಗೆದು, ಮೆಟ್ಟಿಲ ಹತ್ತಿರ ಮಂಡಿಯೂರಿ, "ಮನೆಗೆ ಹೋಗೋಣ ಪುಟ್ಟಾ. ಅಮ್ಮ ಬರ್ತಿದ್ದಾರೆ," ಅಂದಳಷ್ಟೇ. ಹುಡುಗಿ ಅವಳ ಭುಜದಾಚೆ ಟೀಚರನ್ನು ಒಮ್ಮೆ ನೋಡಿದಳು. ಆಮೇಲೆ ಲೈಬ್ರರಿಯವಳ ಕುತ್ತಿಗೆಗೆ ಕೈ ಹಾಕಿ ಇಳಿದಳು. ಟೀಚರು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಪೊಲೀಸರು ಬಂದು ಅವನನ್ನು ಹಿಡಿದುಕೊಂಡು ಹೋದರು. ತಾಯಿ ಲಾಂಡ್ರಿಯ ಏಪ್ರನ್ನಿನಲ್ಲೇ ಓಡಿಬಂದರು. ಶಾಲೆಗೆ ಮರಳಿದ ಮೇಲೆ ಹೆಡ್‌ಮಾಸ್ಟರ ಕೋಣೆಯಲ್ಲಿ ಲೈಬ್ರರಿಯವಳು ಫಾರಂ ತೆಗೆದಳು.

"ಮಗು ನಿಮಗೆ ಹೇಳಿದ್ದು ಯಾವಾಗ, ಮೇಡಂ?"

ಹೆಡ್‌ಮಾಸ್ಟರು ಕಾಯುತ್ತಿದ್ದರು. ಇವತ್ತೇ ಅಂದುಬಿಟ್ಟರೆ ಮುಗಿಯುತ್ತಿತ್ತು. ಊಟದ ಬಿಡುವಿನಲ್ಲಿ ಹೇಳಿದಳು, ಮೀಟಿಂಗ್ ಮುಗಿದ ಮೇಲೆ ನಿಮಗೆ ತಿಳಿಸೋಣ ಅಂತಿದ್ದೆ ಅಂದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಮಗುವನ್ನು ಯಾರೂ ಆ ವಿಷಯ ಕೇಳುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಬ್ಯಾಗ್ ಅವುಚಿಕೊಂಡಿದ್ದ ಎರಡು ತೋಳು ಕಣ್ಣ ಮುಂದೆ ಬಂದವು.

"ನಿನ್ನೆ," ಅಂದರು ಟೀಚರು. "ನಿನ್ನೆ, ಊಟದ ಬಿಡುವಿನಲ್ಲಿ."

ಪೆನ್ನು ನಿಂತಿತು. ಹೆಡ್‌ಮಾಸ್ಟರು ಕನ್ನಡಕ ತೆಗೆದರು.

"ನಿನ್ನೇನಾ? ಯಾಕೆ ಹೇಳಲಿಲ್ಲ?"

"ಇವಳಿಗೆ ಹೇಳೋಕೆ ಮನಸ್ಸು ಬರಲಿಲ್ಲ." ತಮ್ಮದೇ ದನಿ ಅವರಿಗೆ ಬೇರೆ ಯಾರದೋ ಅನ್ನಿಸಿತು. "ಮಗು ನನ್ನ ಹತ್ರ ಬಂದಿತ್ತು. ನನ್ನ ಹತ್ರಾನೇ ಇರಲಿ ಅನ್ನಿಸ್ತು. ಹಾಗೇ ಬರ್ಕೊಳ್ಳಿ."

ಲೈಬ್ರರಿಯವಳು ತಲೆ ಎತ್ತಲಿಲ್ಲ. ದಿನಾಂಕ ಬರೆದಳು, ಸಮಯ ಬರೆದಳು. ಆಮೇಲೆ ಹಾಳೆಯನ್ನು ಸಹಿಗೆ ಟೀಚರ ಕಡೆ ತಿರುಗಿಸಿದಳು.

ತನಿಖೆ ನಡೆಯಿತು. ಏಳನೇ ತರಗತಿಯ ಇಬ್ಬರು ಹುಡುಗಿಯರೂ ಬಾಯಿ ಬಿಟ್ಟರು. ಅವನಿಗೆ ಜಾಮೀನು ಸಿಗಲಿಲ್ಲ. ವ್ಯಾನಿನಲ್ಲಿ ಈಗ ಮಕ್ಕಳ ಜೊತೆ ಒಬ್ಬ ಹೆಂಗಸು ಕೂರುತ್ತಾಳೆ, ದಾರಿಯ ಪಟ್ಟಿ ಪೋಷಕರ ಕೈಯಲ್ಲೂ ಇದೆ. ಟೀಚರಿಗೆ ಎಚ್ಚರಿಕೆಯ ಪತ್ರ ಬಂತು. ಸೇವಾ ಪುಸ್ತಕಕ್ಕೆ ಸೇರುವಂಥದ್ದು, ಇಪ್ಪತ್ತಮೂರು ವರ್ಷದಲ್ಲಿ ಮೊದಲನೆಯದು. ಓದಿ, ಮಡಚಿ, ಗಂಡನ ಕೈಗೆ ಕೊಟ್ಟರು. ಅವರು ಅವತ್ತು ತಮಾಷೆ ಮಾಡಲಿಲ್ಲ.

ಗುಬ್ಬಿ ಮೂರು ವಾರದ ಮೇಲೆ ಶಾಲೆಗೆ ಬಂದಳು. ಊಟದ ಬಿಡುವಿನಲ್ಲಿ ಮೇಜಿನಿಂದ ಸ್ವಲ್ಪ ದೂರದಲ್ಲೇ ನಿಂತಳು.

"ನೀವು ಹೇಳಲ್ಲ ಅಂದಿದ್ರಿ."

"ಹೌದು."

"ಹೇಳಿದ್ರಿ."

"ಹೇಳಬೇಕಿತ್ತು. ನೀನು ಹೇಳಿದ ದಿನವೇ ಹೇಳಬೇಕಿತ್ತು. ಹೇಳಲ್ಲ ಅಂತ ನಿನಗೆ ಮಾತು ಕೊಡಬಾರದಿತ್ತು. ತಪ್ಪು ನಂದು, ಮರಿ. ನಿಂದೇನೂ ಇಲ್ಲ."

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, "ಲೈಬ್ರರಿಗೆ ಹೋಗ್ಲಾ?" ಅಂದಳು.

ಹೊಟ್ಟೆಕಿಚ್ಚಿನ ಹಳೆಯ ಕೆಂಡ ಇದ್ದ ಜಾಗದಲ್ಲೇ ಇತ್ತು. ಅಲ್ಲಿ ಒಮ್ಮೆ ಚುರುಕ್ಕೆಂದಿತು.

"ಹೋಗು," ಅಂದರು ಟೀಚರು.

ಅವಳು ಹೋದ ಮೇಲೆ ಗಾಳಿಗೆ ಬಾಗಿಲು ಬಡಿದುಕೊಳ್ಳತೊಡಗಿತು. ಟೀಚರು ಕುರ್ಚಿಯನ್ನು ಎಳೆದು ಬಾಗಿಲಿಗೆ ಆನಿಸಿಟ್ಟು, ಹೊಸ್ತಿಲಲ್ಲೇ ಕೂತರು. ತೊಡೆಯ ಮೇಲೆ ನೋಟ್‌ಬುಕ್ಕುಗಳ ರಾಶಿ. ಉದ್ದ ಪಡಸಾಲೆಯ ಆ ತುದಿಯ ಲೈಬ್ರರಿಯಿಂದ ಯಾರೋ ನಕ್ಕದ್ದು ಕೇಳಿಸಿತು. ಮಗುವೋ ಅವಳೋ ತಿಳಿಯಲಿಲ್ಲ. ಕೆಂಪು ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅವರು ಬೆರಳಿನ ತುದಿ ನಾಲಿಗೆಗೆ ತಾಗಿಸಿಕೊಂಡು ಪುಟ ತಿರುಗಿಸಿದರು.