ಚೀಟಿ ಇಲ್ಲದೆ ಬಂದವನು

ಶಾಸನಸಭೆಯ ಬಾಗಿಲಾಚೆಯ ಕಾರಿಡಾರೇ ನನ್ನ ಆಫೀಸು. ಕುರ್ಚಿ ಮೇಜು ಏನೂ ಇಲ್ಲ. ಒಂದು ದಪ್ಪ ಹಗ್ಗ ಕಟ್ಟಿದ್ದಾರೆ, ಅದರ ಈಚೆಗೆ ನಾವು ನಿಲ್ಲಬೇಕು. ಬ್ಯಾಂಕುಗಳ ಪರ ಮಾತಾಡುವವರು, ಗಣಿಗಳ ಪರ ಮಾತಾಡುವವರು ಎಲ್ಲರೂ ಅಲ್ಲೇ. ಅವರ ಬೂಟುಗಳು ಮಿರಿಮಿರಿ ಮಿಂಚುತ್ತವೆ. ನಾನು ಸೇವಾ ಸಂಸ್ಥೆಗಳ ಪರ ನಿಲ್ಲುವವಳು. ಹಸಿದವರಿಗೆ ಊಟ ಕೊಡುವವರು, ಮುದುಕರನ್ನು ನೋಡಿಕೊಳ್ಳುವವರು, ಲಾಭದ ಮುಖವನ್ನೇ ಕಾಣದವರು. ನನ್ನ ಬೂಟಿನ ಮೇಲೆ ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪಿನ ಕಲೆ ಏಪ್ರಿಲ್ ಕಳೆದರೂ ಹೋಗುವುದಿಲ್ಲ.

ಒಳಗಿರುವ ಸದಸ್ಯರನ್ನು ಕಾಣಬೇಕಾದರೆ ಚೀಟಿಯೊಂದರ ಮೇಲೆ ಅವರ ಹೆಸರು, ನಮ್ಮ ಹೆಸರು ಬರೆದು ಬಾಗಿಲು ಕಾಯುವ ಮರ್ಲ್ ಕೈಗೆ ಕೊಡಬೇಕು. ಮನಸ್ಸಿದ್ದರೆ ಸದಸ್ಯರು ಹೊರಗೆ ಬರುತ್ತಾರೆ. ಇಲ್ಲವಾದರೆ ನಾವು ಕಾಲು ಬದಲಿಸುತ್ತ ಕಾಯುತ್ತೇವೆ.

ವೆಂಡೆಲ್ ಹಾಲ್ವರ್ಸನ್ ಮಾತ್ರ ನನ್ನ ಚೀಟಿ ಸಿಕ್ಕಿಯೂ ಬಾರದೆ ಇದ್ದದ್ದಿಲ್ಲ. ಡುಲೂತ್ ಊರಿನಲ್ಲಿ ನಾವಿಬ್ಬರೂ ಬಡವರಿಗೆ ದಿನಸಿ ಹಂಚುವ ಒಂದೇ ಸಂಸ್ಥೆಯಲ್ಲಿ ಆಲೂಗಡ್ಡೆ ಮೂಟೆ ಹೊತ್ತವರು. ಆಮೇಲೆ ಅವನು ಚುನಾವಣೆಗೆ ನಿಂತು ಗೆದ್ದ. ಅಂದಿನಿಂದ ಅವನಿಗೆ ನಾನು ಒಂದು ಲೋಟ ಕಾಫಿ ಕೊಡಿಸಿದರೂ ಅದು ಉಡುಗೊರೆಯೆಂದು ಕಾನೂನು ಅಡ್ಡ ಬರುತ್ತದೆ. ಅವರವರ ಕಾಫಿ ಅವರವರು ಕೊಂಡು ಜೊತೆಗೆ ಕೂತರೂ ನೋಡಿದವರು ಕತೆ ಕಟ್ಟುತ್ತಾರೆ, ಆ ಕತೆ ನಮ್ಮ ಮಸೂದೆಗಳ ಕೊರಳಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಹಗ್ಗದ ಆಚೆ ಅವನು, ಈಚೆ ನಾನು. ಮಸೂದೆಯ ಸಂಖ್ಯೆ, ನಾಲ್ಕು ಮಾತು, ಅವನ ತಲೆಯಾಟ, ಮುಗಿಯಿತು.

ನನಗೆ ಅವನು ಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. ಒಂದು ದಿನವಾದರೂ ನಾನು ಕರೆಯದೆ, ಚೀಟಿ ಇಲ್ಲದೆ, ತಾನಾಗಿ ಆ ಬಾಗಿಲು ತಳ್ಳಿಕೊಂಡು ಬಂದು ನನ್ನ ಪಕ್ಕ ನಿಲ್ಲಲಿ ಎಂದು ಹಂಬಲಿಸುತ್ತಿದ್ದೆ. ಪ್ರತಿ ಅಧಿವೇಶನವೂ ಇದೇ ಹಂಬಲದಲ್ಲಿ ಕಳೆಯುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಮಸೂದೆ ಮತಕ್ಕೆ ಬಂತು. ಸ್ವಂತ ಕಾರಿನಲ್ಲಿ ರೋಗಿಗಳನ್ನು ಪುಕ್ಕಟೆಯಾಗಿ ಆಸ್ಪತ್ರೆಗೆ ಕರೆದೊಯ್ಯುವವರನ್ನು ವಿಮೆಯವರು ಟ್ಯಾಕ್ಸಿಯವರೆಂದು ಲೆಕ್ಕ ಹಿಡಿದು, ದುಬಾರಿ ಕಂತು ಕೇಳಿ ಹಿಂಡುತ್ತಿದ್ದರು. ಹಾಗೆ ಹಿಡಿಯಬಾರದು ಎನ್ನುವುದಷ್ಟೇ ಮಸೂದೆ. ಅದು ಬಿದ್ದರೆ ಬರ್ನೀಸ್ ಕಾರು ಓಡಿಸುವುದನ್ನು ಬಿಡಬೇಕಿತ್ತು. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದ ಅಜ್ಜಿ ಆಕೆ, ಈಗ ಓರ್ವಿಲ್‌ನಂಥ ಡಯಾಲಿಸಿಸ್ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಅವತ್ತು ಕಾರಿಡಾರಿನ ಟಿವಿ ಮುಂದಿನ ಬೆಂಚಿನಲ್ಲಿ, ಮನೆಯಲ್ಲಿ ಮಾಡಿದ ನಿಂಬೆ ರಸದ ಸಿಹಿತಿಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಗೆಲ್ತೀವೇನೇ ಹುಡ್ಗಿ?"

"ಎಲ್ಲಾ ಎಣಿಸಿದೀನಿ. ಬೇಕಾದಷ್ಟೇ ಇದೆ, ಒಂದೂ ಜಾಸ್ತಿ ಇಲ್ಲ."

"ನಿನ್ನ ಆ ಉದ್ದನೆಯವನನ್ನೂ ಸೇರಿಸ್ಕೊಂಡಾ?"

"ನನ್ನವನಲ್ಲ ಅವ್ನು. ಹೂಂ, ಸೇರಿಸ್ಕೊಂಡೇ."

"ಅಲ್ಲ ಅನ್ನೋವಾಗ ಮುಖ ಯಾಕೆ ಹಾಗೆ ಕೆಂಪಾಗತ್ತೋ, ದೇವರಿಗೇ ಗೊತ್ತು."

ಮತದ ಗಂಟೆ ಹೊಡೆಯಿತು. ಒಳಗೆ ಸದಸ್ಯರು ಬಟನ್ ಒತ್ತಿದಂತೆಲ್ಲ ಟಿವಿಯಲ್ಲಿ ಹೌದಿಗೆ ಹಸಿರು, ಇಲ್ಲಕ್ಕೆ ಕೆಂಪು ದೀಪಗಳು ಹತ್ತತೊಡಗಿದವು. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ವೆಂಡೆಲ್.

"ಸಾರ್, ಚೀಟಿ ಯಾರೂ ಕಳಿಸಿಲ್ವಲ್ಲ," ಎಂದ ಮರ್ಲ್.

"ಗೊತ್ತು ಮರ್ಲ್."

ಹಗ್ಗದ ಕೆಳಗೆ ನುಸುಳಿ ನೇರ ನನ್ನ ಪಕ್ಕಕ್ಕೆ ಬಂದು ನಿಂತ. ಕರೆಯದೆ ಬಂದಿದ್ದ! ಗಂಟೆ, ಮಸೂದೆ, ಬರ್ನೀಸ್, ಒಂದು ಕ್ಷಣ ಎಲ್ಲವೂ ಮರೆತೇಹೋಯಿತು.

"ಹೇಗಿದೀಯ ಐಲಾ?"

"ಇದೇನು ಕೇಳೋ ಹೊತ್ತಾ? ಹೋಗು, ಬಟನ್ ಒತ್ತಿ ಬಾ."

"ಹೋಗಲ್ಲ." ಅವನು ನನ್ನ ಮುಖ ನೋಡಲಿಲ್ಲ. "ವಿರುದ್ಧ ಹಾಕು ಅಂತ ನಮ್ಮ ಪಕ್ಷದೋರು ಕೂತ್ಕೊಂಡಿದಾರೆ. ನಿನ್ನ ಮಸೂದೆಗೆ ಕೆಂಪು ಒತ್ತೋಕೆ ನಂಗೆ ಕೈ ಬರ್ಲಿಲ್ಲ. ಅದಕ್ಕೇ ಎದ್ದು ಬಂದೆ. ಯಾರಾದ್ರೂ ಕೇಳಿದ್ರೆ ನೀನು ಕರೆಸಿದೆ ಅಂತ ಹೇಳ್ತೀನಿ."

ಮತ ಹಾಕದೆ ಹೀಗೆ ಎದ್ದು ಹೋಗುವುದಕ್ಕೆ ನಮ್ಮ ಕಾರಿಡಾರಿನಲ್ಲಿ 'ವಾಕಿಂಗ್' ಎನ್ನುತ್ತೇವೆ. ಮಸೂದೆ ಗೆಲ್ಲಲು ಸಭೆಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎನ್ನಬೇಕು. ಹೊರಗೆ ನಿಂತವನೂ ಒಂದೇ, ಇಲ್ಲ ಎಂದವನೂ ಒಂದೇ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

"ಐಲಾ, ಇವ್ನ್ಯಾಕೆ ಇಲ್ಲಿದಾನೆ?" ಬರ್ನೀಸ್ ಕೇಳಿದಳು. "ಬಟನ್ನು ಒಳಗಲ್ವಾ ಇರೋದು?"

ಟಿವಿಯಲ್ಲಿ ಹಸಿರು ದೀಪಗಳ ಲೆಕ್ಕ ನಿಂತುಬಿಟ್ಟಿತ್ತು. ಗೆಲ್ಲಲು ಒಂದು ಕಡಿಮೆ.

"ವೆಂಡೆಲ್, ಮತ ಹಾಕೋದು ಇನ್ನೂ ಮುಗ್ದಿಲ್ಲ. ಓಡು. ನಿನ್ನ ಕಾಲು ಹಿಡೀಬೇಕಾ?"

"ಬೇಡ. ಸ್ವಲ್ಪ ಹೊತ್ತು ಇಲ್ಲೇ ನಿಂತ್ಕೋತೀನಿ, ಬಿಡು. ನಿನ್ನ ಜೊತೆ ನಿಂತು ಎಷ್ಟ್ ವರ್ಷ ಆಯ್ತು!"

ಒಳಗೆ ಸಭಾಧ್ಯಕ್ಷರು, ಮತ ಹಾಕದವರು ಬೇಗ ಹಾಕಿ ಎಂದು ಕೂಗುತ್ತಿದ್ದರು. ಅವನ ಕೊರಳಪಟ್ಟಿ ಹಿಡಿದು ಎಳೆದೊಯ್ದು ಬಾಗಿಲಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಅವನ ಕೋಟಿನ ತೋಳು ನನ್ನ ತೋಳಿಗೆ ತಾಗಿತ್ತು. ಬೆಚ್ಚಗಿತ್ತು. ಮತದಾನ ಮುಗಿಯಿತು, ಮಸೂದೆ ಬಿತ್ತು.

ಬರ್ನೀಸ್ ಡಬ್ಬಿಗೆ ಮುಚ್ಚಳ ಒತ್ತಿ ಎದ್ದಳು. ಅವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಇನ್ಮೇಲೆ ಓರ್ವಿಲ್‌ನನ್ನ ಡಯಾಲಿಸಿಸ್‌ಗೆ ಯಾರು ಕರ್ಕೊಂಡ್ ಹೋಗ್ತಾರೋ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಮೆಟ್ಟಿಲ ಕಡೆ ನಡೆದಳು.

ಅವಳ ಹಿಂದೆ ಓಡಬೇಕಿತ್ತು. ಮೊದಲ ಮೆಟ್ಟಿಲಲ್ಲಿ ಅವಳು ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತದ್ದೂ ಕಂಡಿತು. ವೆಂಡೆಲ್ ತೋಳು ಸರಿಸಿರಲಿಲ್ಲ. ನಾನೂ ಸರಿಯಲಿಲ್ಲ.